ಮೂರು ಬೆಳ್ಳಿ, ಒಂದು ವಜ್ರ

ಒಬ್ಬರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ. ಈಗ ಸರ್ಕಾರಿ ಆಸ್ಪತ್ರೆಯೊಂದರ ಕಚೇರಿಯಲ್ಲಿ ಎಫ್‌ಡಿಎ. ಭಾನುವಾರ ಮೇಷ್ಟ್ರನ್ನು ಮಾತಾಡಿಸಲು ಬಂದವಳ ಬ್ಯಾಗಿನಿಂದ ದಪ್ಪ ಪುಸ್ತಕವೊಂದು ಇಣುಕುತ್ತಿತ್ತು. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಪಿ. ಡಿ. ಜೇಮ್ಸ್ ಅವರದು. ಮೇಷ್ಟ್ರ ಕಣ್ಣು ಅದರ ಮೇಲೆ ಬಿತ್ತು. ಕಾಫಿ ಬರುವ ಮುಂಚೆಯೇ ವಾದ ಶುರುವಾಯಿತು. ಪಕ್ಕದಲ್ಲಿ ಕೂತಿದ್ದ ನಾನು ಹೆಚ್ಚು ಬಾಯಿ ಹಾಕಲಿಲ್ಲ.

ಮೇಷ್ಟ್ರು: ಏನಮ್ಮಾ, ಕುಮಾರವ್ಯಾಸನ ಮೇಲೆ ಅಷ್ಟು ಚೆನ್ನಾಗಿ ಪ್ರಬಂಧ ಬರೆದವಳು ನೀನು. ಈಗ ಕೊಲೆ ಕಥೆ ಓದ್ಕೊಂಡು ಓಡಾಡ್ತಿದ್ದೀಯಾ?

ಶಿಷ್ಯೆ: ಕುಮಾರವ್ಯಾಸನಲ್ಲೂ ಕೊಲೆಗೇನು ಕಡಿಮೆ ಇಲ್ಲ ಸರ್.

ಮೇಷ್ಟ್ರು: ಅಲ್ಲಿ ಕೊಂದವನು ಯಾರು ಅಂತ ಹುಟ್ಟಿದ ಮಗುವಿಗೂ ಗೊತ್ತು. ಹೇಗೆ ಕೊಂದ, ಯಾಕೆ ಕೊಂದ, ಕೊಂದ ಮೇಲೆ ಅವನ ಗತಿ ಏನಾಯ್ತು ಅನ್ನೋದೇ ಕಾವ್ಯ. ನಿನ್ನ ಪುಸ್ತಕದಲ್ಲಿ ಯಾರು ಅನ್ನೋದು ಗೊತ್ತಾದ ಮೇಲೆ ರದ್ದಿಗೆ ಹಾಕಬಹುದು. ನಾನೇನು ಮಡಿವಂತ ಅಲ್ಲ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನ ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವನೇ. ಆದರೆ ಅದನ್ನ ಸಾಹಿತ್ಯ ಅಂತ ನಾವು ಜಗಳ ಆಡಲಿಲ್ಲ.

ಶಿಷ್ಯೆ: ಈಯಮ್ಮನ ವಿಷಯದಲ್ಲಿ ಜಗಳ ಆಡಬಹುದು. ಅದಕ್ಕೇ ತಂದಿರೋದು.

ಮೇಷ್ಟ್ರು: ಈಯಮ್ಮನೇ? ಪಿ. ಡಿ. ಅಂದ್ರೆ ಯಾವನೋ ಪೈಪು ಸೇದೋ ದೊರೆ ಅಂದ್ಕೊಂಡಿದ್ದೆ.

ಶಿಷ್ಯೆ: ಬಹಳ ಜನ ಗಂಡಸು ಅಂತಲೇ ಅಂದ್ಕೊಂಡಿದ್ರು. ಫಿಲಿಸ್ ಡೊರೊತಿ ಜೇಮ್ಸ್. 1920ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ್ದು. ಅಪ್ಪ ತೆರಿಗೆ ಇಲಾಖೆಯ ನೌಕರ. ಹದಿನಾರಕ್ಕೇ ಸ್ಕೂಲು ಬಿಡಿಸಿದರು. 1941ರಲ್ಲಿ ಒಬ್ಬ ಡಾಕ್ಟರ ಜೊತೆ ಮದುವೆ. ಅವರು ಸೈನ್ಯದ ವೈದ್ಯಕೀಯ ದಳಕ್ಕೆ ಹೋದರು, ಯುದ್ಧ ಮುಗಿಸಿ ಮನೆಗೆ ಬಂದಾಗ ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಆಸ್ಪತ್ರೆಗೂ ಮನೆಗೂ ಓಡಾಟ. ಎರಡು ಹೆಣ್ಣುಮಕ್ಕಳು. ಸಂಪಾದಿಸೋರು ಯಾರು? ಇವರೇ 1949ರಲ್ಲಿ ಲಂಡನ್ನಿನ ಆಸ್ಪತ್ರೆ ಆಡಳಿತದ ಕೆಲಸಕ್ಕೆ ಸೇರಿದರು.

ಮೇಷ್ಟ್ರು: ಅಂದ್ರೆ ನಿನ್ನ ಥರ.

ಶಿಷ್ಯೆ: ನನ್ನ ಥರಾನೇ. ಬೆಳಿಗ್ಗೆ ಬೇಗ ಎದ್ದು, ಆಫೀಸಿಗೆ ಹೊರಡೋ ಮುಂಚೆ ಬರೀತಿದ್ದರು. ಮೊದಲ ಕಾದಂಬರಿ ‘ಕವರ್ ಹರ್ ಫೇಸ್’ ಬಂದಿದ್ದು 1962ರಲ್ಲಿ, ನಲವತ್ತು ದಾಟಿದ ಮೇಲೆ. ಪ್ರಕಟಿಸಿದ್ದು ಫೇಬರ್ ಅಂಡ್ ಫೇಬರ್. ಟಿ. ಎಸ್. ಎಲಿಯಟ್ ನಿರ್ದೇಶಕರಾಗಿದ್ದ ಸಂಸ್ಥೆ ಸರ್. ಗೋಲ್ಡಿಂಗ್‌ನ ‘ಲಾರ್ಡ್ ಆಫ್ ದ ಫ್ಲೈಸ್’ ಅನ್ನ ತಿರಸ್ಕೃತ ಹಸ್ತಪ್ರತಿಗಳ ರಾಶಿಯಿಂದ ಎತ್ತಿದ ಚಾರ್ಲ್ಸ್ ಮಾಂಟೀತ್ ಅವರೇ ಇವರನ್ನೂ ತಗೊಂಡಿದ್ದು.

ಮೇಷ್ಟ್ರು: ಎಲಿಯಟ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡ. ಫೇಬರ್‌ನವರಿಗೂ ಹೊಟ್ಟೆ ಇದೆ. ಪತ್ತೇದಾರಿ ಪುಸ್ತಕ ಮಾರಾಟ ಆಗುತ್ತೆ, ಆ ದುಡ್ಡಲ್ಲಿ ಕವನ ಸಂಕಲನ ಬರುತ್ತೆ.

ಶಿಷ್ಯೆ: ಅದೂ ನಿಜ. ಅವರ ಪತ್ತೇದಾರಿ ಲೇಖಕ ಸಿರಿಲ್ ಹೇರ್ ತೀರಿಕೊಂಡಿದ್ದರು, ಆ ಜಾಗಕ್ಕೆ ಒಬ್ಬರು ಬೇಕಾಗಿತ್ತು. ನಮ್ಮ ಇಲಾಖೆ ಭಾಷೆಯಲ್ಲಿ ಹೇಳೋದಾದ್ರೆ ತೆರವಾದ ಹುದ್ದೆಗೆ ನೇಮಕಾತಿ.

ಮೇಷ್ಟ್ರು: ಈಗ ಸರಿಯಾಗಿ ಹೇಳಿದೆ. ಆಕೆ ಬೇರೆ ಏನಾದ್ರೂ ಬರೀಬೇಕು ಅಂತಿದ್ರಾ, ಅಥವಾ ಇದೇ ಸಾಕು ಅಂತಿದ್ರಾ?

ಶಿಷ್ಯೆ: ಮೊದಲು ಗಂಭೀರ ಕಾದಂಬರಿಗೆ ಕೈ ಪಳಗಲಿ ಅಂತಲೇ ಪತ್ತೇದಾರಿ ಹಿಡಿದರಂತೆ. ಕಥೆ ಕಟ್ಟೋದು, ಎಳೆ ಬಿಡದೆ ನಡೆಸೋದು ಕಲಿಯೋಕೆ ಒಳ್ಳೇ ಅಭ್ಯಾಸ ಅಂತ. ಬರೀತಾ ಬರೀತಾ, ತಾನು ಹೇಳಬೇಕಾದ್ದನ್ನೆಲ್ಲಾ ಇದರೊಳಗೇ ಹೇಳಬಹುದು ಅಂತ ಅನ್ನಿಸಿತಂತೆ.

ಮೇಷ್ಟ್ರು: ಪ್ರತಿ ವೃತ್ತಿಯವರೂ ಇದನ್ನೇ ಹೇಳೋದು. ಸ್ವಲ್ಪ ದಿನ ಇರೋಣ ಅಂತ ಬಂದೆ, ಒಗ್ಗಿಹೋಯ್ತು ಅಂತ. ಒಗ್ಗಿಹೋಗೋದು ಬೇರೆ, ಆರಿಸಿಕೊಳ್ಳೋದು ಬೇರೆ ಅಲ್ವೇನಮ್ಮಾ? ಒಂದು ಹೆಣ, ಐದಾರು ಜನ ಅನುಮಾನಿತರು, ಹೊರಗಿನಿಂದ ಬರೋ ಬುದ್ಧಿವಂತ, ಕೊನೆಗೆ ಉತ್ತರ. ಬದುಕು ಯಾವತ್ತು ಹಾಗೆ ಉತ್ತರ ಕೊಟ್ಟಿದೆ?

ಶಿಷ್ಯೆ: ಉತ್ತರ ಸಿಕ್ಕಿದ ಮೇಲೆ ಎಲ್ಲ ಸರಿಹೋಗುತ್ತೆ ಅಂತ ಆಕೆ ಬರೆದಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಈ ಪುಸ್ತಕವನ್ನೇ ತಗೊಳ್ಳಿ. ‘ಎ ಟೇಸ್ಟ್ ಫಾರ್ ಡೆತ್’, 1986ರದು. ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ಒಂದು ಚರ್ಚು. ಬೆಳಿಗ್ಗೆ ಒಬ್ಬ ಒಂಟಿ ಮುದುಕಿ ಹೂವು ಜೋಡಿಸೋಕೆ ಬರ್ತಾಳೆ, ಮಿಸ್ ವಾರ್ಟನ್ ಅಂತ. ಜೊತೆಗೆ ಹತ್ತು ವರ್ಷದ ಹುಡುಗ ಡ್ಯಾರೆನ್. ಹೆತ್ತ ತಾಯಿಗೆ ಅವನ ಮೇಲೆ ನಿಗಾ ಇಲ್ಲ, ಇವಳಿಗೆ ಅವನನ್ನ ಬಿಟ್ಟರೆ ಗತಿ ಇಲ್ಲ. ಪಕ್ಕದ ಕೋಣೆ ಬಾಗಿಲು ತೆಗೆದರೆ ಎರಡು ಹೆಣ, ಇಬ್ಬರದೂ ಕುತ್ತಿಗೆ ಕೊಯ್ದಿದೆ. ಒಬ್ಬ ಸರ್ ಪಾಲ್ ಬೆರೌನ್, ಮೊನ್ನೆ ಮೊನ್ನೆವರೆಗೂ ಮಂತ್ರಿಯಾಗಿದ್ದವನು. ಇನ್ನೊಬ್ಬ ಹ್ಯಾರಿ ಮ್ಯಾಕ್, ಬೀದಿಯಲ್ಲಿ ಮಲಗೋ ಅಲೆಮಾರಿ. ಬದುಕಿದ್ದಾಗ ಒಂದೇ ಬೆಂಚಿನ ಮೇಲೆ ಕೂರದವರು ಒಂದೇ ಕೋಣೆಯಲ್ಲಿ ಬಿದ್ದಿದ್ದಾರೆ.

ಮೇಷ್ಟ್ರು: ಆಮೇಲಿನ ಪುಟಗಳಲ್ಲಿ ತನಿಖೆಯೆಲ್ಲಾ ಮಂತ್ರಿಯ ಬಗ್ಗೆ ತಾನೆ? ಅಲೆಮಾರಿಯ ಮನೆಮಠ ಯಾರು ಕೇಳ್ತಾರೆ?

ಶಿಷ್ಯೆ: ಕೇಳೋರು ಕಡಿಮೆ. ಆದರೆ ಮೊದಲು ಸತ್ತವನು ಯಾರು, ಹ್ಯಾರಿಯನ್ನ ಕೊಂದಿದ್ದು ಯಾರು ಅನ್ನೋದರ ಮೇಲೆ ಇಡೀ ಪ್ರಕರಣ ನಿಂತಿದೆ. ಮಂತ್ರಿಯೇ ಅಲೆಮಾರಿಯನ್ನ ಕೊಂದು ತಾನೂ ಸತ್ತನೋ, ಅಥವಾ ಮೂರನೆಯವನು ಬಂದನೋ ಅಂತ. ಹಾಗಾಗಿ ಹ್ಯಾರಿಯ ರಕ್ತವನ್ನ ಬಿಟ್ಟು ಯಾರೂ ಮುಂದೆ ಹೋಗೋಹಾಗಿಲ್ಲ. ಇನ್ನು ಕೊನೆಯ ವಿಷಯ. ಕೇಟ್ ಮಿಸ್ಕಿನ್ ಅಂತ ಒಬ್ಬಳು ಇನ್‌ಸ್ಪೆಕ್ಟರ್ ಇದ್ದಾಳೆ. ಬಡವರ ಬಹುಮಹಡಿ ವಸತಿಯಲ್ಲಿ ಅಜ್ಜಿ ಸಾಕಿ ಬೆಳೆಸಿದ ಹುಡುಗಿ. ಪ್ರಕರಣ ಬಗೆಹರಿಯುತ್ತೆ, ಆ ಅಜ್ಜಿ ಉಳಿಯೋದಿಲ್ಲ. ಆ ಡ್ಯಾರೆನ್ ಮಿಸ್ ವಾರ್ಟನ್ ಕೈತಪ್ಪಿ ಹೋಗ್ತಾನೆ.

ಮೇಷ್ಟ್ರು: ಎಲ್ಲಾ ಹೇಳಿಬಿಟ್ಟೆಯಲ್ಲಮ್ಮಾ!

ಶಿಷ್ಯೆ: ಕೊಲೆಗಾರ ಯಾರು ಅಂತ ಹೇಳಿಲ್ಲ. ಯಾರು ಅನ್ನೋದು ಗೊತ್ತಾದರೆ ರದ್ದಿಗೆ ಅಂದ್ರಲ್ಲ, ಅದು ಗೊತ್ತಾಗದೇನೇ ನಿಮಗೆ ಇಷ್ಟು ಕುತೂಹಲ ಬಂತು.

(ಮೇಷ್ಟ್ರು ನಕ್ಕರು. ಆದರೆ ಸೋತ ನಗು ಅದಲ್ಲ. ತರಗತಿಯಲ್ಲಿ ಬುದ್ಧಿವಂತ ವಿದ್ಯಾರ್ಥಿಗೆ ಇನ್ನೊಂದು ಕಷ್ಟದ ಪ್ರಶ್ನೆ ಎತ್ತಿಡುವ ಮುಂಚೆ ಬರುವ ನಗು.)

ಮೇಷ್ಟ್ರು: ಪತ್ತೇದಾರ ಯಾರು? ಆ ಕೇಟ್ ಅಲ್ಲ ತಾನೆ?

ಶಿಷ್ಯೆ: ಆಡಮ್ ಡಾಲ್ಗ್ಲೀಶ್. ಸ್ಕಾಟ್ಲೆಂಡ್ ಯಾರ್ಡಿನವನು. ಕವಿ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ, ಮಗುವೂ ಉಳಿದಿಲ್ಲ. ಆ ಹೆಸರು ಜೇಮ್ಸ್ ಅವರಿಗೆ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮೇಡಮ್ಮಿಂದು.

ಮೇಷ್ಟ್ರು: ಮೇಷ್ಟ್ರುಗಳ ಹೆಸರು ಉಳಿಸಿದರಲ್ಲ, ಅಷ್ಟು ಪುಣ್ಯ ಬರಲಿ. ಆದರೆ ನೋಡು: ಪೊಲೀಸಿನವನು, ಕವಿ, ಸುಸಂಸ್ಕೃತ, ದುಃಖವನ್ನ ಹೊರಗೆ ತೋರಿಸದವನು. ಇಂಥ ಪೊಲೀಸನ್ನ ನೀನು ಯಾವ ಠಾಣೆಯಲ್ಲಿ ನೋಡಿದ್ದೀಯಾ? ಓದುಗನಿಗೆ ಧೈರ್ಯ ಬರಲಿ ಅಂತ ಮಾಡಿದ ಬೊಂಬೆ ಅದು. ಅವನು ಬಂದ, ಇನ್ನು ಪರವಾಗಿಲ್ಲ ಅನ್ನಿಸಬೇಕು. ಆಕೆಯ ರಾಜಕೀಯ ಏನು?

ಶಿಷ್ಯೆ: ಕನ್ಸರ್ವೇಟಿವ್ ಪಕ್ಷ. 1991ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸದಸ್ಯೆಯಾದರು. ಆ ಹೊತ್ತಿಗಾಗಲೇ ಬಿಬಿಸಿಯ ಗವರ್ನರ್ ಆಗಿದ್ದರು.

ಮೇಷ್ಟ್ರು: ಹೇಳಲಿಲ್ವಾ? ವ್ಯವಸ್ಥೆ ಒಳ್ಳೇದು, ಒಬ್ಬ ಕೆಟ್ಟವನನ್ನ ಹೊರಗೆ ಹಾಕಿದರೆ ಮತ್ತೆ ನೆಟ್ಟಗಾಗುತ್ತೆ ಅನ್ನೋದೇ ಈ ಬಗೆಯ ಕಾದಂಬರಿಯ ರಾಜಕೀಯ. ಹಳೇ ಬಂಗಲೆ, ಒಳ್ಳೇ ಚಿತ್ರಪಟ, ದುಬಾರಿ ವೈನು. ಬಡವರು ಬರೋದು ಕಸ ಗುಡಿಸೋಕೆ, ಇಲ್ಲ ಹೆಣ ನೋಡಿ ಕಿರುಚೋಕೆ.

ಶಿಷ್ಯೆ: ಬಂಗಲೆ ಜಾಸ್ತಿ ಅನ್ನೋದನ್ನ ನಾನೂ ಒಪ್ಪಿದೆ. ಒಂದೊಂದು ಸಲ ಕುರ್ಚಿ ಮೇಜಿನ ವರ್ಣನೆ ಎರಡು ಪುಟ ನಡೆಯುತ್ತೆ, ನಾನೇ ಹಾರಿಸ್ತೀನಿ. ಆದರೆ ವ್ಯವಸ್ಥೆ ಒಳ್ಳೇದು ಅಂತ ಆಕೆ ಹೇಳ್ತಾರೆ ಅನ್ನೋದನ್ನ ಒಪ್ಪಲ್ಲ. ಆಕೆಯ ಕೊಲೆಗಳು ನಡೆಯೋದು ಎಲ್ಲಿ ಗೊತ್ತಾ? ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕು, ನರ್ಸಿಂಗ್ ಶಾಲೆ, ಅಂಗವಿಕಲರ ಆಶ್ರಯಧಾಮ, ಅಪರಾಧ ಪತ್ತೆಯ ಪ್ರಯೋಗಾಲಯ, ಪುಸ್ತಕ ಪ್ರಕಾಶನ ಸಂಸ್ಥೆ, ವಕೀಲರ ಕಚೇರಿ, ಪಾದ್ರಿಗಳ ತರಬೇತಿ ಕಾಲೇಜು, ಮ್ಯೂಸಿಯಮ್ಮು. ಎಲ್ಲಾ ಸೇವೆ, ನ್ಯಾಯ, ಜ್ಞಾನ, ಧರ್ಮ ಅಂತ ಬೋರ್ಡು ಹಾಕಿಕೊಂಡ ಜಾಗಗಳು. ಒಳಗೆ ಬಡ್ತಿ, ಮತ್ಸರ, ಹಳೇ ಸೇಡು, ಗುಟ್ಟು. ಅದನ್ನ ಬರೆಯೋಕೆ ಕಚೇರಿಯಲ್ಲಿ ಕೂತಿರಬೇಕು ಸರ್.

ಮೇಷ್ಟ್ರು: ಕಚೇರಿ ಯಾಕೆ? ಊಹೆ ಸಾಲದೇ?

ಶಿಷ್ಯೆ: ಸಾಲದು. ‘ಶ್ರೌಡ್ ಫಾರ್ ಎ ನೈಟಿಂಗೇಲ್’ ಅಂತ ಇದೆ, 1971ರದು. ನರ್ಸಿಂಗ್ ಶಾಲೆಗೆ ತಪಾಸಣೆಗೆ ಅಧಿಕಾರಿಣಿ ಬಂದಿದ್ದಾಳೆ. ಮೂಗಿನ ನಳಿಕೆಯಲ್ಲಿ ರೋಗಿಗೆ ಹಾಲು ಕುಡಿಸೋದು ಹೇಗೆ ಅಂತ ಪ್ರಾತ್ಯಕ್ಷಿಕೆ. ಒಬ್ಬ ವಿದ್ಯಾರ್ಥಿನಿ ರೋಗಿಯಾಗಿ ಮಲಗಿದ್ದಾಳೆ. ಎಲ್ಲರೂ ಇದ್ದಾರೆ, ಟ್ಯೂಟರ್ ಇದ್ದಾಳೆ, ತಪಾಸಣಾಧಿಕಾರಿ ಕುರ್ಚಿಯಲ್ಲಿ ಕೂತಿದ್ದಾಳೆ. ನಳಿಕೆಯಲ್ಲಿ ಹೋಗಿದ್ದು ಹಾಲಲ್ಲ, ವಿಷ. ನಾನು ಆ ಅಧ್ಯಾಯ ಓದುವಾಗ ನನಗೆ ಬಂದ ಪ್ರಶ್ನೆ ಯಾರು ಕೊಂದರು ಅಂತ ಅಲ್ಲ. ಬಾಟಲಿ ಕೊನೇ ಸಲ ಯಾರ ಕೈಯಲ್ಲಿತ್ತು, ಬೀರುವಿನ ಬೀಗದ ಕೈ ಯಾರ ಹತ್ತಿರ, ರಾತ್ರಿ ಪಾಳಿಯವರು ಬೆಳಗಿನವರಿಗೆ ಏನು ಒಪ್ಪಿಸಿದರು ಅಂತ. ನಮ್ಮಲ್ಲಿ ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದು ಬಾಟಲಿ ತಾಳೆ ಆಗದಿದ್ದರೆ ಮೂರು ಜನ ಪರಸ್ಪರ ಮುಖ ನೋಡೋದು ನಿಲ್ಲಿಸ್ತಾರೆ. ಅಷ್ಟು ಸಣ್ಣ ಜಾಗದಿಂದ ದ್ವೇಷ ಹುಟ್ಟುತ್ತೆ ಅಂತ ಆಕೆಗೆ ಗೊತ್ತು. ಆಸ್ಪತ್ರೆ ಕೆಲಸದಿಂದ 1968ರಲ್ಲಿ ಪರೀಕ್ಷೆ ಕಟ್ಟಿ ಗೃಹ ಇಲಾಖೆಗೆ ಹೋದರು. ಮೊದಲು ಪೊಲೀಸ್ ವಿಭಾಗ, ಆಮೇಲೆ ಅಪರಾಧ ನೀತಿ ವಿಭಾಗ. 1979ರಲ್ಲಿ ನಿವೃತ್ತಿ ಆಗೋವರೆಗೂ ನೌಕರಿ ಬಿಡಲೇ ಇಲ್ಲ.

ಮೇಷ್ಟ್ರು: (ಸ್ವಲ್ಪ ಹೊತ್ತು ಬಿಟ್ಟು) ಈ ಮಾತು ಗಟ್ಟಿಯಾಗಿದೆ. ನನ್ನ ತಕರಾರಿಗೆ ಇದು ಉತ್ತರ ಅಲ್ಲ, ಆದರೆ ಗಟ್ಟಿಯಾಗಿದೆ. ಆ ಗಂಡ ಏನಾದರು?

ಶಿಷ್ಯೆ: 1964ರಲ್ಲಿ ತೀರಿಕೊಂಡರು. ಆಕೆ ಮತ್ತೆ ಮದುವೆ ಆಗಲಿಲ್ಲ.

ಮೇಷ್ಟ್ರು: ಅದರ ಬಗ್ಗೆ ಬರೆದಿದ್ದಾರಾ?

ಶಿಷ್ಯೆ: ಒಂದು ವರ್ಷದ ದಿನಚರಿಯ ರೂಪದಲ್ಲಿ ಆತ್ಮಕಥೆ ಇದೆ, ‘ಟೈಮ್ ಟು ಬಿ ಇನ್ ಅರ್ನೆಸ್ಟ್’. ಅದರಲ್ಲಿ ಈ ವಿಷಯಕ್ಕೆ ಜಾಗ ಬಹಳ ಕಡಿಮೆ. ನೋವಿನ ಸಂಗತಿಗಳನ್ನ ಕೆದಕೋದಿಲ್ಲ ಅಂತ ತೀರ್ಮಾನ ಮಾಡಿದ್ದರು.

ಮೇಷ್ಟ್ರು: ನೋಡು, ನನಗೆ ಚುಚ್ಚೋದು ಇದೇ. ಸತ್ತವರ ಜೇಬು, ಬೀರು, ಹಾಸಿಗೆ, ಕಾಗದ ಪತ್ರ ಎಲ್ಲಾ ತೆಗೆದು ನೋಡ್ತಾರೆ ನಿನ್ನ ಲೇಖಕಿ. ತಮ್ಮ ಬಾಗಿಲು ಮಾತ್ರ ಬೀಗ. ಪತ್ತೇದಾರಿ ಅನ್ನೋದು ಅವರಿಗೆ ಆ ಬೀಗ ಆಗಿತ್ತೋ ಏನೋ. ಹುಚ್ಚು ಹಿಡಿದ ಗಂಡನ ಜೊತೆ ಹದಿನೆಂಟು ಇಪ್ಪತ್ತು ವರ್ಷ ಬಾಳಿದ ಹೆಂಗಸು ಆ ಬಾಳನ್ನೇ ಬರೆದಿದ್ದರೆ, ಯಾವ ಹೆಣವೂ ಬೇಕಾಗ್ತಿರಲಿಲ್ಲ.

ಶಿಷ್ಯೆ: ಬರೆಯಲೇಬೇಕು ಅಂತ ಯಾಕೆ ಸರ್? ಹೆಂಗಸು ಬರೆದರೆ ಅವಳ ಸಂಸಾರವನ್ನೇ ಬರೀಲಿ ಅಂತ ಕಾಯ್ತಾರೆ ಜನ. ಆಕೆ ಬರೀಲಿಲ್ಲ. ಆ ಗಂಡನ ಕಾಯಿಲೆಯ ಕಥೆ ಮಕ್ಕಳದ್ದೂ ಹೌದು. ಆದರೆ ಪುಸ್ತಕಗಳಲ್ಲಿ ಅದು ಇಲ್ಲ ಅಂತ ಹೇಳಬೇಡಿ. ಎರಡನೇ ಕಾದಂಬರಿ ನಡೆಯೋದೇ ಮಾನಸಿಕ ಚಿಕಿತ್ಸಾಲಯದಲ್ಲಿ. ಬಂದಿದ್ದು 1963ರಲ್ಲಿ, ಗಂಡ ಬದುಕಿದ್ದಾಗ.

ಮೇಷ್ಟ್ರು: ಹೂಂ.

(ಈ ‘ಹೂಂ’ಗೆ ಏನರ್ಥ ಎಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕಾಫಿ ಬಂತು. ನಾನು ಪ್ರಶಸ್ತಿಗಳ ಮಾತು ತೆಗೆದೆ, ವಾತಾವರಣ ಹಗುರಾಗಲಿ ಎಂದು. ಹಗುರಾಗಲಿಲ್ಲ.)

ಶಿಷ್ಯೆ: ಇಂಗ್ಲೆಂಡಿನಲ್ಲಿ ಕ್ರೈಮ್ ರೈಟರ್ಸ್ ಅಸೋಸಿಯೇಷನ್ ಅಂತ ಇದೆ, ಅವರ ಪ್ರಶಸ್ತಿಗೆ ಡ್ಯಾಗರ್ ಅಂತ ಹೆಸರು. ಆಗ ವರ್ಷದ ಅತ್ಯುತ್ತಮ ಕಾದಂಬರಿಗೆ ಚಿನ್ನದ್ದು, ಎರಡನೇ ಸ್ಥಾನದ್ದಕ್ಕೆ ಬೆಳ್ಳಿಯದು ಕೊಡ್ತಿದ್ದರು. ಜೇಮ್ಸ್ ಅವರಿಗೆ ಬೆಳ್ಳಿ ಮೂರು ಸಲ ಬಂತು: ‘ಶ್ರೌಡ್’, 1975ರ ‘ದ ಬ್ಲ್ಯಾಕ್ ಟವರ್’, ಆಮೇಲೆ ಈ ‘ಎ ಟೇಸ್ಟ್ ಫಾರ್ ಡೆತ್’. ಚಿನ್ನ ಬರಲೇ ಇಲ್ಲ. 1986ರಲ್ಲಿ ಚಿನ್ನ ತಗೊಂಡವರು ಅವರ ಗೆಳತಿ ರೂತ್ ರೆಂಡೆಲ್. ಆಕೆಗೆ ಒಟ್ಟು ನಾಲ್ಕು ಚಿನ್ನ. ಗೆಳೆತನಕ್ಕೆ ಏನೂ ಆಗಲಿಲ್ಲ. ರೆಂಡೆಲ್ ಲೇಬರ್ ಪಕ್ಷದಿಂದ ಹೌಸ್ ಆಫ್ ಲಾರ್ಡ್ಸ್‌ಗೆ ಬಂದರು, ಇಬ್ಬರೂ ಎದುರುಬದುರು ಕೂರ್ತಿದ್ದರು. 1987ರಲ್ಲಿ ಜೇಮ್ಸ್ ಅವರಿಗೆ ಜೀವಮಾನದ ಸಾಧನೆಗೆ ಕೊಡೋ ವಜ್ರದ ಡ್ಯಾಗರ್ ಬಂತು. 1999ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಗ್ರ್ಯಾಂಡ್ ಮಾಸ್ಟರ್ ಅಂತ ಕರೆದು ಗೌರವಿಸಿತು.

ಮೇಷ್ಟ್ರು: ಬೂಕರ್?

ಶಿಷ್ಯೆ: ಅದೇ ತಮಾಷೆ. 1987ರಲ್ಲೇ ಬೂಕರ್ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆ ಇವರು. ಪೆನೆಲೋಪಿ ಲೈವ್ಲಿಯವರ ‘ಮೂನ್ ಟೈಗರ್’ಗೆ ಬಹುಮಾನ ಕೊಟ್ಟರು. ಇವರ ಪುಸ್ತಕಕ್ಕೆ ಮಾತ್ರ ಬೂಕರ್ ಯಾವತ್ತೂ ಬರಲಿಲ್ಲ. ಪಂಕ್ತಿಯಲ್ಲಿ ಬಡಿಸೋಕೆ ಕರೆದರು, ಎಲೆ ಹಾಕಲಿಲ್ಲ. ಪಂಕ್ತಿಭೇದ ಅಲ್ವಾ ಸರ್ ಇದು?

ಮೇಷ್ಟ್ರು: ಪಂಕ್ತಿಭೇದ ಮಾಡಿದ್ದು ಯಾರಮ್ಮಾ? ನಾವು ಬೇರೆ, ನಮ್ಮ ಅಡುಗೆ ಬೇರೆ ಅಂತ ತಾವೇ ಸಂಘ ಕಟ್ಟಿಕೊಂಡು, ತಮ್ಮತಮ್ಮಲ್ಲೇ ಚಿನ್ನ ಬೆಳ್ಳಿ ಹಂಚಿಕೊಂಡವರು ಆಮೇಲೆ ಆ ಕಡೆ ಪಂಕ್ತಿಯಲ್ಲಿ ಯಾಕೆ ಕೂರಿಸಲ್ಲ ಅಂದರೆ? ಪ್ರಶಸ್ತಿ ಬೇಕಾದ್ರೆ ಗೆರೆ ಬೇಕು, ಗೌರವ ಬೇಕಾದ್ರೆ ಗೆರೆ ಬೇಡವಾ?

ಶಿಷ್ಯೆ: ಗೆರೆ ಮೊದಲೇ ಇತ್ತು. ಒಳಗೆ ಬಿಡದೇ ಇದ್ದವರು ಹೊರಗೆ ಒಲೆ ಹಚ್ಚಿಕೊಂಡರು, ಅಷ್ಟೇ.

ಮೇಷ್ಟ್ರು: ಚೆನ್ನಾಗಿ ಹೇಳ್ತೀಯ, ಆದರೆ ಅರ್ಧ ನಿಜ. ಆಕೆಗೆ ಆ ಗೆರೆಯಿಂದ ಲಾಭಾನೂ ಆಗಿದೆ. ಪ್ರತಿ ಪುಸ್ತಕಕ್ಕೂ ಕಾಯೋ ಓದುಗರು ಯಾವ ಗಂಭೀರ ಕಾದಂಬರಿಕಾರನಿಗೆ ಇದ್ದಾರೆ? ಸರಿ, ಇದು ಹೇಳು. ಪತ್ತೇದಾರ ಇಲ್ಲದೆ ಏನಾದ್ರೂ ಬರೆದಿದ್ದಾರಾ?

ಶಿಷ್ಯೆ: ಎರಡು ಮುಖ್ಯವಾದವು. ಒಂದು ‘ಇನ್ನೊಸೆಂಟ್ ಬ್ಲಡ್’, 1980ರದು. ದತ್ತು ಹೋದ ಮಕ್ಕಳು ಹದಿನೆಂಟು ತುಂಬಿದ ಮೇಲೆ ತಮ್ಮ ಮೂಲ ಜನನ ಪತ್ರ ನೋಡಬಹುದು ಅಂತ ಇಂಗ್ಲೆಂಡಿನಲ್ಲಿ 1975ರಲ್ಲಿ ಕಾನೂನು ಬಂತು. ಒಬ್ಬ ಹುಡುಗಿ ಹೆತ್ತವರು ಯಾರು ಅಂತ ಹುಡುಕಿಕೊಂಡು ಹೋಗ್ತಾಳೆ. ಅಪ್ಪ ಒಂದು ಮಗುವಿನ ಮೇಲೆ ಅತ್ಯಾಚಾರ ಮಾಡಿದವನು, ಅಮ್ಮ ಆ ಮಗುವನ್ನ ಕೊಂದವಳು. ಅಪ್ಪ ಸತ್ತಿದ್ದಾನೆ, ಅಮ್ಮ ಜೈಲಿನಿಂದ ಹೊರಗೆ ಬರೋದರಲ್ಲಿದ್ದಾಳೆ. ಹುಡುಗಿ ಅವಳ ಜೊತೆ ಇರೋಕೆ ತೀರ್ಮಾನ ಮಾಡ್ತಾಳೆ. ಇನ್ನೊಂದು ಕಡೆ, ಸತ್ತ ಮಗುವಿನ ತಂದೆ ಇಷ್ಟು ವರ್ಷ ಕಾದು ಈಗ ಚಾಕು ಕೊಂಡುಕೊಂಡಿದ್ದಾನೆ.

ಮೇಷ್ಟ್ರು: ಆಹಾ! ಕೊಂದವರು ಯಾರು ಅಂತ ಮೊದಲೇ ಗೊತ್ತು.

ಶಿಷ್ಯೆ: ನೀವು ಹಾಗಂತೀರಿ ಅಂತ ನನಗೆ ಗೊತ್ತಿತ್ತು.

ಮೇಷ್ಟ್ರು: ಇದು ನನ್ನ ಪುಸ್ತಕ. ಡಾಲ್ಗ್ಲೀಶನನ್ನ ಹೊರಗೆ ಕಳಿಸಿದ ತಕ್ಷಣ ನೋಡು, ಎಂಥಾ ಪ್ರಶ್ನೆ ಎದುರಿಗೆ ಬಂತು! ತಾಯಿಯನ್ನ ಕ್ಷಮಿಸಬಹುದೇ, ಆ ತಂದೆಯನ್ನ ತಡೀಬಹುದೇ? ಉತ್ತರ ಕೊಡೋಕೆ ಯಾರೂ ಸೂಟು ಹಾಕಿಕೊಂಡು ಬರಲ್ಲ. ಎರಡನೆಯದು?

ಶಿಷ್ಯೆ: ‘ದ ಚಿಲ್ಡ್ರನ್ ಆಫ್ ಮೆನ್’, 1992. ಮನುಷ್ಯರಿಗೆ ಮಕ್ಕಳಾಗೋದು ನಿಂತುಹೋದ ಇಂಗ್ಲೆಂಡು. ಕಥೆ ನಡೆಯೋ ಕಾಲ 2021. ಸಿನಿಮಾನೂ ಆಯ್ತು, 2006ರಲ್ಲಿ. ಆದರೆ ಒಂದು ಮಾತು ಸರ್. ಚೌಕಟ್ಟು ಪಂಜರ ಆಗಿದ್ದರೆ ಹೊರಗೆ ಬಂದವರು ಮತ್ತೆ ಯಾಕೆ ಒಳಗೆ ಹೋಗ್ತಾರೆ? ‘ಇನ್ನೊಸೆಂಟ್ ಬ್ಲಡ್’ ಬಂದಾಗ ದುಡ್ಡೂ ಬಂತು, ನೌಕರಿ ಮುಗಿದಿತ್ತು, ಯಾರ ಹಂಗೂ ಇರಲಿಲ್ಲ. ಈ ‘ಎ ಟೇಸ್ಟ್ ಫಾರ್ ಡೆತ್’ ಬರೆದಿದ್ದೂ ಆಮೇಲೇ. ಒಗ್ಗಿಹೋಗಿದ್ದಲ್ಲ, ಆರಿಸಿಕೊಂಡಿದ್ದು. ಡಾಲ್ಗ್ಲೀಶ್ ಕಾದಂಬರಿಗಳು ಒಟ್ಟು ಹದಿನಾಲ್ಕು. ಕೊನೆಯದು ಬಂದಾಗ 2008, ಆಕೆಗೆ ಎಂಬತ್ತೆಂಟು.

ಮೇಷ್ಟ್ರು: ಅಷ್ಟಕ್ಕೇ ನಿಲ್ಲಿಸಿದರಾ?

ಶಿಷ್ಯೆ: ಇಲ್ಲ. 2011ರಲ್ಲಿ ‘ಡೆತ್ ಕಮ್ಸ್ ಟು ಪೆಂಬರ್ಲಿ’ ಅಂತ ಬರೆದರು. ಜೇನ್ ಆಸ್ಟಿನ್‌ಳ ಎಲಿಜಬೆತ್ ಮತ್ತು ಡಾರ್ಸಿ ಮದುವೆಯಾಗಿ ಆರು ವರ್ಷ ಆದಮೇಲೆ, ಅವರ ಎಸ್ಟೇಟಿನ ಕಾಡಲ್ಲಿ ಒಂದು ಹೆಣ...

ಮೇಷ್ಟ್ರು: ಶಿವ ಶಿವಾ! ಅವಳನ್ನಾದರೂ ಬಿಡಬಾರದಿತ್ತಾ?

ಶಿಷ್ಯೆ: ಅದನ್ನ ನಾನು ಸಮರ್ಥಿಸಲ್ಲ. ಆಸ್ಟಿನ್ ಮೇಲಿನ ಪ್ರೀತಿಗೆ ಬರೆದಿದ್ದು, ಪ್ರೀತಿ ಕಾಣುತ್ತೆ, ಕಾದಂಬರಿ ಕಾಣಲ್ಲ. ಆದರೆ ಮುದುಕಿಯ ಬುದ್ಧಿ ಮಂಕಾಗಿತ್ತು ಅಂತ ಮಾತ್ರ ತಿಳ್ಕೋಬೇಡಿ. 2009ರ ಕೊನೇ ದಿನ ಬಿಬಿಸಿ ರೇಡಿಯೋದ ‘ಟುಡೇ’ ಕಾರ್ಯಕ್ರಮಕ್ಕೆ ಅತಿಥಿ ಸಂಪಾದಕಿಯಾಗಿ ಹೋಗಿ, ಬಿಬಿಸಿಯ ಮಹಾನಿರ್ದೇಶಕರನ್ನೇ ಎದುರಿಗೆ ಕೂರಿಸಿಕೊಂಡು, ನಿಮ್ಮ ಅಧಿಕಾರಿಗಳಿಗೆ ಇಷ್ಟೊಂದು ಸಂಬಳ ಯಾಕೆ ಅಂತ ಒಂದೊಂದೇ ಪ್ರಶ್ನೆ ಕೇಳಿದರು. ವಯಸ್ಸು ಎಂಬತ್ತೊಂಬತ್ತು. ದನಿ ಏರಿಸಲಿಲ್ಲ. ಪತ್ರಕರ್ತರು ಮಾಡಬೇಕಾದ ಕೆಲಸ ಈ ಅಜ್ಜಿ ಮಾಡಿದರು ಅಂತ ಆಗ ದೊಡ್ಡ ಸುದ್ದಿ.

ಮೇಷ್ಟ್ರು: ಅಂದ್ರೆ ವ್ಯವಸ್ಥೆಯ ಒಳಗಿದ್ದೇ ವ್ಯವಸ್ಥೆಯನ್ನ ಕೇಳೋ ಜಾತಿ. ಅಂಥವರು ಬೇಕು. ಅಂಥವರಿಂದ ಮನೆ ಚೊಕ್ಕಟ ಆಗುತ್ತೆ. ಆದರೆ ಮನೆಯ ಪಾಯವೇ ಸರಿಯಿಲ್ಲ ಅಂತ ಹೇಳೋರು ಬೇರೆಯವರು, ಅವರನ್ನ ನಾನು ದೊಡ್ಡ ಲೇಖಕರು ಅಂತೀನಿ. ಈ ವಿಷಯದಲ್ಲಿ ನೀನು ಎಷ್ಟು ಕಾಫಿ ಕುಡಿಸಿದರೂ ನಾನು ಬಗ್ಗಲ್ಲ.

ಶಿಷ್ಯೆ: ಕಾಫಿ ನಿಮ್ಮನೇದೇ ಸರ್. ಪಾಯ ಸರಿಯಿಲ್ಲ ಅಂತ ಘೋಷಣೆ ಕೂಗಿದವರ ಪುಸ್ತಕಗಳೂ ನನ್ನ ಹತ್ತಿರ ಇವೆ. ಅವುಗಳಲ್ಲಿ ಬೀಗದ ಕೈ ಯಾರ ಹತ್ತಿರ ಇತ್ತು ಅನ್ನೋದನ್ನ ಯಾರೂ ಬರೆದಿಲ್ಲ.

ಮೇಷ್ಟ್ರು: ಹಾಗಾದ್ರೆ ನೀನೇ ಬರಿ. ನಿಮ್ಮ ಆಸ್ಪತ್ರೆ ಇದೆಯಲ್ಲ.

ಶಿಷ್ಯೆ: ಬರೆದರೆ ಪತ್ತೇದಾರಿ ಅಂತೀರಿ.

ಮೇಷ್ಟ್ರು: ಅಂತೀನಿ. ಬರೆದು ತೋರಿಸು, ಆಮೇಲೆ ಬೈಯ್ಯೋಣ. ಈಗ ಆ ‘ಇನ್ನೊಸೆಂಟ್ ಬ್ಲಡ್’ ಇದ್ದರೆ ಮುಂದಿನ ಸಲ ತಗೊಂಡು ಬಾ. ಇದನ್ನ ಇಲ್ಲೇ ಬಿಟ್ಟು ಹೋಗು ಬೇಕಾದ್ರೆ. ಆ ಹುಡುಗ ಡ್ಯಾರೆನ್ ಏನಾದ ಅಂತ ನೋಡಬೇಕು.

ಅವಳು ಬಿಟ್ಟು ಹೋದಳು. ಅವಳು ಹೇಳದೆ ಉಳಿದ ಒಂದು ವಿಷಯ: ಜೇಮ್ಸ್ 2014ರ ನವೆಂಬರ್ 27ರಂದು, ಹುಟ್ಟಿದ ಆಕ್ಸ್‌ಫರ್ಡಿನಲ್ಲೇ ತೀರಿಕೊಂಡರು. ತೊಂಬತ್ತನಾಲ್ಕು ವರ್ಷ. ಅವರನ್ನು ಇನ್ನೂ ಓದದವರು ಮೇಷ್ಟ್ರ ಪಕ್ಷ ಹಿಡಿದಿದ್ದರೆ ‘ಇನ್ನೊಸೆಂಟ್ ಬ್ಲಡ್’ನಿಂದ ಶುರು ಮಾಡಬಹುದು, ಶಿಷ್ಯೆಯ ಪಕ್ಷವಾದರೆ ‘ಎ ಟೇಸ್ಟ್ ಫಾರ್ ಡೆತ್’ನಿಂದ. ನನ್ನನ್ನು ಕೇಳಿದರೆ ‘ಶ್ರೌಡ್ ಫಾರ್ ಎ ನೈಟಿಂಗೇಲ್’ನ ಮೊದಲ ಅಧ್ಯಾಯ ಓದಿ ನೋಡಿ, ಅಲ್ಲಿಗೆ ನಿಲ್ಲಿಸಲು ಸಾಧ್ಯವಾದರೆ ಜೇಮ್ಸ್ ನಿಮ್ಮ ಲೇಖಕಿಯಲ್ಲ. ಪೆಂಬರ್ಲಿಯನ್ನು ಕೊನೆಗೆ ಇಟ್ಟುಕೊಳ್ಳಿ.